ಹಲಸಿನ ಹೊಸ್ತಿಲಲ್ಲಿ ಸಿಕ್ಕ ಮೊಳೆ

ಮರಗೆಲಸ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಮೊದಲ ದಿನವೇ ಹೇಳಬೇಕಾದ ಒಂದು ಮಾತಿದೆ, ಯಾರೂ ಹೇಳುವುದಿಲ್ಲ. ನೀವು ಮರ ಕೆಡಿಸುತ್ತೀರಿ. ಎಷ್ಟು ಜಾಗ್ರತೆ ಮಾಡಿದರೂ ಕೆಡಿಸುತ್ತೀರಿ. ಉಳಿ ಜಾರುತ್ತದೆ, ಸುತ್ತಿಗೆ ಕೈತಪ್ಪುತ್ತದೆ, ನೆಟ್ಟಗೆ ಸೀಳಬೇಕಾದ ಹಲಗೆ ಓರೆಯಾಗಿ ಸೀಳಿಕೊಂಡು ನಿಮ್ಮ ಮುಖವನ್ನೇ ನೋಡುತ್ತದೆ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಕೆಲಸ ಮಾಡಿ, ಮಣಿಕಟ್ಟು ಸೋತ ಮೇಲೆ, ಹೋದ ವರ್ಷ ಅಂಗಡಿಯ ಬೀಗದ ಕೈಯನ್ನು ಪಾಲಿಷ್ ಕೆಲಸದ ನಯಾಜನಿಗೆ ಕೊಟ್ಟು ಮನೆ ಸೇರಿದ್ದೇನೆ. ಮಾಡಿದ ಬಾಗಿಲು, ಮಂಚಗಳೆಲ್ಲ ನನಗೆ ನೆನಪಿಲ್ಲ. ಕೆಡಿಸಿದ ಮರ ಮಾತ್ರ ಒಂದೊಂದೂ ನೆನಪಿದೆ. ಅದನ್ನೇ ಬರೆಯುತ್ತೇನೆ.

ನನ್ನ ಹೆಸರು ಮುನಿರಾಜು. ಬೂದಿಗೆರೆ ಕಡೆಯ ರೈತರ ಮನೆಯವನು. ನಮ್ಮ ವಂಶದಲ್ಲಿ ಯಾರೂ ಉಳಿ ಹಿಡಿದವರಲ್ಲ. ನಮ್ಮಪ್ಪ ಒಂದು ದಿನ ಮುರಿದ ನೇಗಿಲು ಕೊಟ್ಟು ಹೊಸಕೋಟೆಯ ವೀರಾಚಾರ್ರ ಅಂಗಡಿಗೆ ಕಳಿಸಿದರು. ನಾನು ಅವರ ಕೈಯನ್ನು ನೋಡುತ್ತ ಸಂಜೆಯವರೆಗೂ ಅಲ್ಲೇ ಕೂತೆ. ಮಾರನೇ ದಿನವೂ ಹೋದೆ. "ನೇಗ್ಲು ರಿಪೇರಿ ಮಾಡಿಸ್ಕೊಂಡು ಬಾರ್ಲಾ ಅಂದ್ರೆ ನೀನೇ ಅಲ್ಲಿ ಸೇರ್ಕೊಂಡ್ಬಿಟ್ಯಲ್ಲೋ" ಎಂದು ಅಪ್ಪ ಬಹಳ ದಿನ ಆಡಿಕೊಂಡರು.

ವೀರಾಚಾರ್ರು ಬೈಯುವವರಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಬೈದುಬಿಟ್ಟರೆ ಅಲ್ಲಿಗೆ ಮುಗಿಯುತ್ತದೆ, ಅವರದು ಮುಗಿಯುವ ಬಾಬತ್ತಲ್ಲ. ಅಂಗಡಿಯ ಗೋಡೆಗೂಡಿನಲ್ಲಿ ಒಂದು ತುಂಡು ಸೀಮೆಸುಣ್ಣ ಇಟ್ಟಿದ್ದರು. ಯಾರ ಕೈಯಿಂದ ಮರಕ್ಕೆ ಏಟಾಯಿತೋ ಅವರೇ ಆ ಏಟಿನ ಸುತ್ತ ಬಿಳಿ ಸುತ್ತು ಬರೆಯಬೇಕು. ರಿಪೇರಿ ಮುಗಿದ ಮೇಲೂ ಸುತ್ತು ಹಾಗೇ ಇರಬೇಕು. ಮರದ ಯಜಮಾನರು ಬಂದು, ಏನಾಗಿತ್ತು ಎಂದು ನಮ್ಮ ಬಾಯಿಂದಲೇ ಕೇಳಿ, ನೋಡಿ, ತಮ್ಮ ಕೈಯಾರೆ ಅದನ್ನು ಒರೆಸಬೇಕು. ಆಮೇಲೇ ಮಾಲು ಅಂಗಡಿ ದಾಟುವುದು. ಗಿರಾಕಿಗಳ ಮುಂದೆ ಹೀಗೆ ತಲೆ ತಗ್ಗಿಸಿ ನಿಲ್ಲುವುದಕ್ಕಿಂತ ಕಪಾಳಕ್ಕೆ ಎರಡು ಬಿಟ್ಟಿದ್ದರೆ ವಾಸಿ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನನ್ನ ಮೊದಲ ಸುತ್ತು ಒಬ್ಬ ಹೆಡ್‌ಮೇಷ್ಟರ ತೇಗದ ಮೇಜಿನ ಮೇಲೆ ಬಿತ್ತು. ಎಲ್ಲ ಕೆಲಸ ಮುಗಿದು, ಕಾಲು ಬಿಗಿ ಮಾಡುವಾಗ ಸುತ್ತಿಗೆ ಜಾರಿ, ನಟ್ಟನಡುವೆ ಬಿದಿಗೆ ಚಂದ್ರನ ಹಾಗೆ ಒಂದು ತಗ್ಗು ಬಿತ್ತು. ನಾನು ಗಾಬರಿಯಲ್ಲಿ ಅಲ್ಲೆಲ್ಲ ಮರ ಹೆರೆಯುವ ತೋಪಡ ಹೊಡೆದು ಮಟ್ಟ ಮಾಡಲು ಹೋದೆ. ವೀರಾಚಾರ್ರು ತೋಪಡದ ಮೇಲೆ ಕೈ ಇಟ್ಟರು.

"ಕಿತ್ತೋಗಿದ್ಯೋ, ಅಮುಕ್ಕೊಂಡಿದ್ಯೋ? ಸರಿಯಾಗ್ ನೋಡ್ಲಾ."

"ಅಮುಕ್ಕೊಂಡಿದೆ."

"ಅಮುಕ್ಕೊಂಡಿದ್ದು ಎದ್ದು ಬರ್ತದೆ. ಕಿತ್ತೋಗಿದ್ದು ಬರಲ್ಲ, ಅದಕ್ಕೆ ತುಂಡು ಕೂರಿಸ್ಬೇಕು. ಮೊದ್ಲು ಇದನ್ನ ತಿಳ್ಕೊ. ಆಮೇಲೆ ಕೈ ಮಾಡು."

ತಗ್ಗಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು, ಒದ್ದೆ ಬಟ್ಟೆ ಮಡಿಸಿ ಹಾಸಿ, ಪಕ್ಕದ ಬಟ್ಟೆ ಅಂಗಡಿಯಿಂದ ಕೆಂಡದ ಇಸ್ತ್ರಿಪೆಟ್ಟಿಗೆ ತರಿಸಿ ಅದರ ಮೇಲೆ ಇಟ್ಟರು. ಚುಸ್ ಎಂದು ಹಬೆ ಎದ್ದಿತು. ಬಟ್ಟೆ ಎತ್ತಿ ನೋಡಿದರೆ ಅರ್ಧ ತಗ್ಗು ಮಾಯ. ಇನ್ನೆರಡು ಸಲ ಇಟ್ಟರು. ಅಮುಕಿಹೋಗಿದ್ದ ನಾರು ನೀರು ಕುಡಿದು ಉಬ್ಬಿ ಮಟ್ಟಕ್ಕೆ ಬಂದಿತ್ತು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಈಗಲೂ ಎಲ್ಲಾದರೂ ಹೀಗೆ ತಗ್ಗು ಎದ್ದು ಬರುವುದನ್ನು ಕಂಡರೆ ಹಾಗೇ ನೋಡುತ್ತ ನಿಲ್ಲುತ್ತೇನೆ.

ಮೇಷ್ಟ್ರು ಬಂದು ಸೀಮೆಸುಣ್ಣದ ಸುತ್ತಿನೊಳಗೆ ಕನ್ನಡಕ ಇಟ್ಟು ಹುಡುಕಿದರು. "ಇಲ್ಲೇನೂ ಇಲ್ವಲ್ಲಯ್ಯಾ, ಯಾಕೆ ಸೊನ್ನೆ ಹಾಕಿದ್ದೀಯ?" ಎಂದರು. ಏನೂ ಕಾಣದ ಕಡೆಯೂ ನಾನು ಮಾಡಿದ್ದನ್ನು ನಾನೇ ಬಾಯಿ ಬಿಟ್ಟು ಹೇಳಬೇಕಾಯಿತು. ಅವರು ನಕ್ಕು ಒರೆಸಿದರು.

ಎರಡನೆಯದು ಅಷ್ಟು ಸುಲಭದ್ದಲ್ಲ. ಆವತಿಯ ಒಂದು ಮನೆಗೆ ಹಲಸಿನ ಉಯ್ಯಾಲೆ ಮಣೆ ಮಾಡಿದ್ದೆ. ಮೂಲೆ ದುಂಡು ಮಾಡುವಾಗ ಹೆಬ್ಬೆರಳಿನಷ್ಟು ಚಕ್ಕೆ ಹಾರಿತು. ಆ ವೇಳೆಗೆ ನನಗೆ ಕೆಲಸ ಬರುತ್ತದೆ ಎನ್ನುವ ಗರ್ವವೂ ಬಂದಿತ್ತು. ಕೈಗೆ ಸಿಕ್ಕ ಬೇರೆ ಯಾವುದೋ ಬಿಳಿ ಮರದ ತುಂಡು ಕೂರಿಸಿ, ಅದಕ್ಕೆ ಹಳದಿ ಬಣ್ಣ ತಿಕ್ಕಿದೆ. ಹೊಸ ಹಲಸು ಅರಿಶಿನದ ಹಾಗೆ ಹಳದಿ ಇರುತ್ತದಲ್ಲ, ಎರಡೂ ಒಂದೇ ಆಗಿ ಕೂತವು. ಮನೆಯವರು ಸುತ್ತು ಒರೆಸಿ, ಭೇಷ್ ಎಂದು ತೆಗೆದುಕೊಂಡು ಹೋದರು.

ಎರಡು ವರ್ಷದ ಮೇಲೆ ಅದೇ ಮನೆಗೆ ಕಿಟಕಿ ಕೆಲಸಕ್ಕೆ ಹೋದೆ. ಗಾಳಿ ಬೆಳಕಿಗೆ ಹಲಸು ಬಣ್ಣ ತಿರುಗಿ ಬೆಲ್ಲದ ಹಾಗೆ ಆಗಿತ್ತು. ನನ್ನ ತುಂಡು ಮಾತ್ರ ಅವತ್ತಿನ ಹಳದಿಯಲ್ಲೇ ಉಳಿದು ಮೂಲೆಯಲ್ಲಿ ಹಲ್ಲು ಕಿರಿಯುತ್ತಿತ್ತು. ಮನೆಯ ಹೆಂಗಸು ಅದರ ಮೇಲೆ ಒಂದು ದಿಂಬು ಇಟ್ಟಿದ್ದರು. "ಕೂತ್ರೆ ಕಾಣಲ್ಲ ಬಿಡಪ್ಪ" ಎಂದರು, ನನಗೆ ಬೇಜಾರಾಗಬಾರದೆಂದು. ನನಗೆ ನಾಚಿಕೆಯಾಯಿತು. ಮಣೆ ಬಿಚ್ಚಿ ಅಂಗಡಿಗೆ ತಂದು, ಹಲಸನ್ನೇ ಹುಡುಕಿ ಮತ್ತೆ ಮಾಡಿಕೊಟ್ಟೆ. ಅವತ್ತಿನಿಂದ ಯಾವ ಮಾಲೇ ಆಗಲಿ, ಅಂಗಡಿ ದಾಟುವವರೆಗೂ ಅದರ ಮರದ ಒಂದು ಚೂರನ್ನೂ ಒಲೆಗೆ ಹಾಕಲು ಬಿಟ್ಟಿಲ್ಲ. ತೇಪೆ ಇವತ್ತು ಹೊಂದಿದರೆ ಸಾಲದು, ಮರದ ಜೊತೆ ಅದಕ್ಕೂ ವಯಸ್ಸಾಗಬೇಕು.

ಈಗ ಎಲ್ಲದಕ್ಕೂ ಪುಟ್ಟಿ. ಡಬ್ಬಿ ತೆಗೆ, ಮೆತ್ತು, ಉಜ್ಜು. ಬಣ್ಣ ಬಳಿಯುವ ಮರಕ್ಕೆ ಹಾಕಿಕೊಳ್ಳಿ, ನನ್ನದೇನೂ ತಕರಾರಿಲ್ಲ. ನಾರು ಕಾಣಬೇಕಾದ ಮರಕ್ಕೆ ಮೆತ್ತಿದರೆ ಮಾತ್ರ ನನಗೆ ಮೈ ಉರಿಯುತ್ತದೆ. ಹಾಗಂತ ಹೊಸದೆಲ್ಲ ಕೆಟ್ಟದ್ದು ಎನ್ನುವ ಮುದುಕ ನಾನಲ್ಲ. ಈಗಿನ ಅಂಟು ನಾವು ಕಾಯಿಸುತ್ತಿದ್ದ, ಚರ್ಮ ಮೂಳೆಯಿಂದ ಮಾಡಿದ ವಜ್ರದ ಅಂಟಿನಷ್ಟು ನಾರುವುದಿಲ್ಲ, ಹಿಡಿತವೂ ಚೆನ್ನಾಗಿದೆ. ಮೆಷಿನ್ ತೋಪಡ ಬಂದಾಗ ಅಂಗಡಿಯಲ್ಲಿ ಎಲ್ಲರಿಗಿಂತ ಹೆಚ್ಚು ಕುಣಿದವನು ನಾನೇ. ಅದರಿಂದಲೇ ನನ್ನ ಅತಿ ದೊಡ್ಡ ತಪ್ಪೂ ಆಯಿತು.

ನಮ್ಮ ಕಡೆ ಒಂದು ಹಳೆಯ ವಾಡಿಕೆ. ಹಿತ್ತಲಿನ ಹಲಸೋ ಮಾವೋ ವರ್ಷಗಟ್ಟಲೆ ಕಾಯಿ ಬಿಡದಿದ್ದರೆ ಅದರ ಬುಡಕ್ಕೆ ಕಬ್ಬಿಣದ ಮೊಳೆ ಹೊಡೆಯುತ್ತಾರೆ. ಹೊಡೆದರೆ ಮರಕ್ಕೆ ರೋಷ ಬಂದು ಕಾಯಿ ಬಿಡುತ್ತದಂತೆ. ಮರ ಬೆಳೆಯುತ್ತ ಮೊಳೆಯನ್ನು ನುಂಗಿಕೊಳ್ಳುತ್ತದೆ, ಹೊರಗೆ ಗುರುತೂ ಇರುವುದಿಲ್ಲ. ಅದಕ್ಕೇ ವೀರಾಚಾರ್ರು, ಹಿತ್ತಲ ಮರ ಯಾರೇ ತಂದರೂ ಮುಟ್ಟುವ ಮೊದಲು "ಮೊಳೆ ಹೊಡ್ಸಿದ್ರಾ?" ಎಂದು ಕೇಳುತ್ತಿದ್ದರು. ಅವರು ತೀರಿಕೊಂಡು ಅಂಗಡಿಯ ಭಾರ ನನ್ನ ಮೇಲೆ ಬಿದ್ದ ಮೇಲೆ ನಾನೂ ತಪ್ಪದೆ ಕೇಳುತ್ತಿದ್ದೆ. ಒಂದೇ ಒಂದು ಸಲ ಕೇಳಲಿಲ್ಲ.

ಜಡಿಗೇನಹಳ್ಳಿಯ ಪಿಳ್ಳಮ್ಮ ತಮ್ಮ ಹಲಸಿನ ಮರದ ದಿಮ್ಮಿಯ ಜೊತೆ ಟ್ರ್ಯಾಕ್ಟರಿನಲ್ಲೇ ಕೂತು ಬಂದರು. ನನಗಿಂತ ಏಳೆಂಟು ವರ್ಷ ದೊಡ್ಡವರು. ದಾರಿಯುದ್ದಕ್ಕೂ ದಿಮ್ಮಿಯ ಮೇಲೆ ಕೈಯಿಟ್ಟುಕೊಂಡೇ ಬಂದಿದ್ದರು. ರಸ್ತೆ ಅಗಲ ಮಾಡುವವರು ಹಳೆಯ ಮನೆಯನ್ನೂ ಮರವನ್ನೂ ತೆಗೆಸಿದ್ದರು. ಮಗಳು ಮಂಜುಳಾ ಊರ ಪಕ್ಕದಲ್ಲೇ ಹೊಸ ಮನೆ ಕಟ್ಟಿಸಲು ಹೊರಟಿದ್ದಳು.

"ಬಾಗ್ಲು ಯಾವ್ದ್ರಲ್ಲಾದ್ರೂ ಮಾಡು ಮುನಿರಾಜಪ್ಪ, ಹೊಸ್ಲು ಮಾತ್ರ ಈ ಮರದ್ದೇ ಆಗ್ಬೇಕು," ಎಂದರು. "ದಿನಾ ಬೆಳಿಗ್ಗೆ ಎದ್ದು ಇದರ ಬುಡಕ್ಕೆ ನೀರಾಕ್ತಿದ್ದೆ. ಇನ್ಮೇಲೆ ಹೊಸ್ಲಿಗೆ ನೀರಾಕ್ತೀನಿ."

"ಆಯ್ತಕ್ಕ, ನನ್ ಜವಾಬ್ದಾರಿ" ಎಂದೆ.

ಸೀಳುವ ಮಿಲ್ಲಿನವನು ಕೇಳಿದ: "ಮೊಳೆ ಗಿಳೆ ಏನಾದ್ರೂ ಇದ್ಯಾ ಅಣ್ಣ?" ನಾನು "ಇಲ್ಲ ಇಲ್ಲ, ಚೆನ್ನಾಗಿ ನೋಡ್ಕೊಂಡಿರೋ ಮರ" ಎಂದೆ. ಪಿಳ್ಳಮ್ಮನನ್ನು ಕೇಳಿರಲೇ ಇಲ್ಲ. ಅಷ್ಟು ಅಕ್ಕರೆ ಇರುವವರು ಮೊಳೆ ಹೊಡೆಸಿಯಾರೇ ಎಂದು ನಾನೇ ತೀರ್ಮಾನ ಮಾಡಿ, ಅವರ ಪರವಾಗಿ ನಾನೇ ಉತ್ತರ ಕೊಟ್ಟುಬಿಟ್ಟೆ. ಗರಗಸಕ್ಕೆ ಏನೂ ಸಿಗಲಿಲ್ಲ. ಹಲಗೆಗಳನ್ನು ನೆರಳಿನಲ್ಲಿ ಪೇರಿಸಿ ಒಂದು ವರ್ಷ ಒಣಗಿಸಿದೆ. ಪಿಳ್ಳಮ್ಮ ಹೊಸಕೋಟೆಗೆ ಸಂತೆಗೆ ಬಂದಾಗಲೆಲ್ಲ ಅಂಗಡಿಗೆ ಬಂದು, ಅವನ್ನು ಮುಟ್ಟಿ ನೋಡಿ ಹೋಗುತ್ತಿದ್ದರು.

ದಿಮ್ಮಿಯ ಅರ್ಧ ಪೊಳ್ಳಾಗಿತ್ತು. ಎರಡು ನಿಲುವು, ಒಂದು ಮೇಲಿನ ಅಡ್ಡಪಟ್ಟಿ, ಒಂದು ಹೊಸ್ತಿಲು, ಅಷ್ಟಕ್ಕೇ ಸರಿಹೋಗುವ ಮರ. ಕೆಟ್ಟರೆ ಇನ್ನೊಂದು ಹೊಸ್ತಿಲಿಗೆ ಮರವಿಲ್ಲ. ಮನೆ ಕಟ್ಟುತ್ತಿದ್ದ ಕಂಟ್ರಾಕ್ಟರಿಗೆ ಮೊದಲಿನಿಂದಲೂ ಹೊಸ್ತಿಲಿಗೆ ಗ್ರಾನೈಟ್ ಹಾಕುವ ಆಸೆ. ಬಾಗಿಲು ನಿಲ್ಲಿಸುವ ಪೂಜೆಗೆ ಶುಕ್ರವಾರ ಬೆಳಗಿನ ಮುಹೂರ್ತ ಇಟ್ಟಿದ್ದರು.

ಮಂಗಳವಾರ ಹೊಸ್ತಿಲಿನ ಮೇಲ್ಮೈಗೆ ಕೊನೆಯ ಮೆಷಿನ್ ಹೊಡೆಯುತ್ತಿದ್ದೆ. ಕೈ ತೋಪಡವಾಗಿದ್ದರೆ ಕಬ್ಬಿಣ ತಗಲಿದ ಕೂಡಲೇ ಕಿರ್ ಎಂದು ಅಂಗೈಗೆ ತಿಳಿಯುತ್ತದೆ, ನಿಲ್ಲಿಸಬಹುದು. ಮೆಷಿನ್‌ಗೆ ಅಂಗೈ ಇಲ್ಲ. ಠಣ್ ಎಂದಿತು, ಕಿಡಿ ಹಾರಿತು, ಮೆಷಿನ್ ಎಗರಿ ನನ್ನ ಎದೆಗೆ ಬಂತು. ನೋಡಿದರೆ ಹೊಸ್ತಿಲಿನ ನಡುಮಧ್ಯೆ, ಸರಿಯಾಗಿ ಕುಂಕುಮ ಇಡುವ ಜಾಗದಲ್ಲಿ, ನಾಲ್ಕು ಬೆರಳು ಉದ್ದದ ಚಕ್ಕೆ ಕಿತ್ತುಹೋಗಿದೆ. ಅದರ ನಡುವೆ ತುಕ್ಕು ಹಿಡಿದ ಹಳೆಯ ಕಾಲದ ಚೌಕ ಮೊಳೆ. ಸುತ್ತಲೂ ಮರ ಕಪ್ಪಾಗಿತ್ತು. ತಿರುಗಿಸಿ ಹಾಕೋಣವೆಂದರೆ ಕೆಳಮೈಯಲ್ಲಿ ತೊಗಟೆಯ ಪಕ್ಕದ ಎಳೆಮರದ ಬಿಳಿ ಪಟ್ಟಿ, ಅದು ಮೇಲೆ ಬಂದರೆ ಹುಳು ಬೀಳುತ್ತದೆ.

ಅದೇ ಹೊತ್ತಿಗೆ ಸರಿಯಾಗಿ ಕಂಟ್ರಾಕ್ಟರು ಅಳತೆ ತೆಗೆದುಕೊಳ್ಳಲು ಬಂದ. ನೋಡಿದವನಿಗೆ ಒಳಗೊಳಗೇ ಸಂತೋಷ.

"ಒಂದಿಷ್ಟು ಪುಟ್ಟಿ ಹೊಡ್ದು ಮೇಲೆ ಅರಿಶಿನ ಬಳ್ದುಬಿಡಿ ಗುರು. ಆ ಅಜ್ಜಿಗೇನ್ ಕಾಣ್ಸುತ್ತೆ? ಆಗಲ್ಲಾಂದ್ರೆ ಹೇಳಿ, ಗ್ರಾನೈಟ್ ರೆಡಿ ಇದೆ. ಪೂಜೆಗಿಟ್ಟಿರೋ ಮರ ಒಡೀತು ಅಂದ್ರೆ ಅವ್ರೇ ಬೇಡ ಅಂತಾರೆ."

ಕೊನೆಯ ಮಾತು ನನಗೆ ನಾಟಿತು. ಬಾಗಿಲಿಗೆ ಇಡುವ ಮರದಲ್ಲಿ ಊನ ಇರಬಾರದು ಎನ್ನುವವರು ನಮ್ಮ ಕಡೆ ಮನೆಗೊಬ್ಬರು. ಹೇಳಿದರೆ ಪಿಳ್ಳಮ್ಮನಿಗೆ ಆ ಮರ ದಕ್ಕುವುದಿಲ್ಲ. ಹೇಳದಿದ್ದರೆ ದಕ್ಕುತ್ತದೆ. ಸುಳ್ಳು ಹೇಳುವುದಿಲ್ಲ, ಸುಮ್ಮನಿರುತ್ತೇನೆ ಅಷ್ಟೇ, ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಷ್ಟರಲ್ಲಿ ನಯಾಜ್ ಗೂಡಿನಿಂದ ಸೀಮೆಸುಣ್ಣ ತಂದು ನನ್ನ ಮುಂದೆ ಹಿಡಿದ. ಇಪ್ಪತ್ತು ವರ್ಷ ನನ್ನ ಜೊತೆ ಕೆಲಸ ಮಾಡಿದವನು. ನಾನು ಅವನ ಕೈಗೆ ಅದನ್ನು ಎಷ್ಟೋ ಸಲ ಕೊಟ್ಟಿದ್ದೆ.

"ಈಗ್ಲೇ ಬೇಡ ಕಣೋ, ಕೆಲ್ಸ ಮುಗೀಲಿ" ಎಂದು ರೇಗಿದೆ.

"ಮುಗಿದ್ಮೇಲೆ ನೀನ್ ಬರಿಯಲ್ಲ ಅಣ್ಣ. ನಾನಾಗಿದ್ರೂ ಬರೀತಿರ್ಲಿಲ್ಲ. ಈಗ್ಲೇ ಬರಿ."

ಕೋಪ ಬಂತು. ಕೋಪದಲ್ಲೇ ಬರೆದೆ. ಸುತ್ತು ಸೊಟ್ಟಗಾಯಿತು.

ಇನ್ನು ಕೆಲಸ. ಕಲಿಯುವವರು ಇದನ್ನು ಗಮನವಿಟ್ಟು ಓದಿ. ಮೊದಲು ಮೊಳೆಯ ಸುತ್ತ ಸಣ್ಣ ಉಳಿಯಿಂದ ಬಿಡಿಸಿ, ಅಲುಗಾಡಿಸದೆ ನೇರವಾಗಿ ಎಳೆದು ತೆಗೆದೆ. ಕಪ್ಪಾಗಿದ್ದ ಮರವನ್ನೆಲ್ಲ ಕೆತ್ತಿದೆ. ಆಳದಲ್ಲಿ ಉಳಿದ ಕಲೆಗೆ ನಯಾಜ್ ನಿಂಬೆಹಣ್ಣು ಹಿಂಡಿ ಉಜ್ಜಿದ, ಮುಕ್ಕಾಲು ಪಾಲು ಹೋಯಿತು. ಗುಂಡಿಯನ್ನು ಚೌಕ ಮಾಡಲಿಲ್ಲ. ನಾರಿಗೆ ಅಡ್ಡವಾಗಿ ನೇರ ಗೆರೆ ಬಂದರೆ ಕಣ್ಣು ಅಲ್ಲೇ ಹೋಗಿ ನಿಲ್ಲುತ್ತದೆ. ಎರಡು ತುದಿಯೂ ಚೂಪಾಗುವಂತೆ ದೋಣಿಯ ಆಕಾರಕ್ಕೆ ತೆಗೆದೆ. ಆಮೇಲೆ ಅದೇ ಮರದ ಚೂರುಗಳ ಮೂಟೆ ಸುರಿದುಕೊಂಡು ಇಬ್ಬರೂ ಕೂತೆವು. ನಾರಿನ ಓಟ, ಗೆರೆಗಳ ಅಂತರ, ಬಣ್ಣ ಮೂರೂ ಹೊಂದುವ ತುಂಡು ಸಿಗಲು ಒಂದು ಹೊತ್ತೇ ಹಿಡಿಯಿತು. ಸಿಕ್ಕಿದ್ದು ಅದೇ ಹೊಸ್ತಿಲಿನ ತುದಿಯಿಂದ ಕತ್ತರಿಸಿದ್ದ ಚೂರು. ತುಂಡಿನ ಅಡಿಯನ್ನು ಮೇಲ್ಭಾಗಕ್ಕಿಂತ ಕೂದಲೆಳೆಯಷ್ಟು ಸಣ್ಣ ಮಾಡಿ, ಮರದ ಕೊಡತಿಯಿಂದ ತಟ್ಟಿದಂತೆಲ್ಲ ಬಿಗಿಯಾಗುವ ಹಾಗೆ ಕೂರಿಸಿ, ಅಂಟು ಹಾಕಿ, ಒತ್ತು ಕೊಟ್ಟು, ಮೈಗಿಂತ ಒಂದಿಷ್ಟು ಎತ್ತರಕ್ಕೇ ಬಿಟ್ಟೆ. ಒಂದು ಇಡೀ ದಿನ ಮುಟ್ಟಲಿಲ್ಲ. ಗುರುವಾರ ಬೆಳಿಗ್ಗೆ ವೀರಾಚಾರ್ರ ಹಳೆಯ ಕೈ ತೋಪಡ ಹುಡುಕಿ, ಅಲಗು ಮಸೆದು, ಉಸಿರು ಬಿಗಿಹಿಡಿದು ಮಟ್ಟ ಮಾಡಿದೆ. ಅಳಿಸಿಹೋದ ಕಡೆ ಸೀಮೆಸುಣ್ಣದ ಸುತ್ತನ್ನು ಮತ್ತೆ ಬರೆದೆ.

ಮಧ್ಯಾಹ್ನ ಪಿಳ್ಳಮ್ಮ ಬಂದರು. ಅವರ ಕಣ್ಣಿಗೆ ಮೊದಲು ಬಿದ್ದದ್ದು ಸುತ್ತೇ.

"ಇದ್ಯಾಕಪ್ಪ ಇದು?"

"ಅಕ್ಕ, ತಪ್ಪಾಗೋಯ್ತು. ಮರದಾಗೆ ಮೊಳೆ ಇತ್ತು. ನಿಮ್ಮನ್ನ ಕೇಳ್ಬೇಕಾಗಿತ್ತು, ಕೇಳ್ಲಿಲ್ಲ. ಇಲ್ಲ ಅಂತ ನಾನೇ ಅಂದ್ಕೊಂಡ್ಬಿಟ್ಟೆ. ಮೆಷಿನ್ ತಗ್ಲಿ ಇಷ್ಟುದ್ದ ಕಿತ್ತೋಯ್ತು. ಇದೇ ಮರದ ತುಂಡೇ ಕೂರ್ಸಿದ್ದೀನಿ. ನೀವು ಬೇಡ ಅಂದ್ರೆ ಬೇಡ."

ನಾನು ಮೊಳೆಯನ್ನು ತೋರಿಸಿದೆ. ಅವರು ಅಂಗೈ ಚಾಚಿದರು. ಅದನ್ನು ಅಂಗೈಯಲ್ಲಿಟ್ಟುಕೊಂಡು ಅಲ್ಲೇ ಒಂದು ಮರದ ದಿಂಡಿನ ಮೇಲೆ ಕೂತರು.

"ನಮ್ಮತ್ತೆ ಹೊಡ್ಸಿದ್ದು," ಎಂದರು. "ಮದ್ವೆಯಾಗಿ ಆರು ವರ್ಷ ನಂಗ್ ಮಕ್ಕಳಾಗಿರ್ಲಿಲ್ಲ. ಮರಾನೂ ಕಾಯಿ ಬಿಟ್ಟಿರ್ಲಿಲ್ಲ. ಬೀದಿಯೋರ್ನೆಲ್ಲ ಸೇರಿಸ್ಕೊಂಡು ಮೊಳೆ ಹೊಡುದ್ರು. ಮರಕ್ಕಾದ್ರೆ ಮೊಳೆ ಹೊಡೀಬೋದು, ಇವ್ಳಿಗೇನ್ ಮಾಡೋದು ಅಂದ್ರು. ಎಲ್ಲಾ ನಕ್ರು."

ನಯಾಜ್ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟ.

"ಅವತ್ತೇ ಕೀಳೋಕ್ ನೋಡ್ದೆ, ಉಗುರು ಕಿತ್ತೋಯ್ತೇ ಹೊರ್ತು ಇದು ಬರ್ಲಿಲ್ಲ. ಆಮೇಲಿಂದ ದಿನಾ ಹೋಗಿ ನೀರಾಕ್ತಿದ್ದೆ. ಪಾಪ, ಅದೇನ್ ಮಾಡಿತ್ತು? ಎರಡು ವರ್ಷಕ್ಕೆ ಅದೂ ಬಿಡ್ತು, ಮಂಜುಳಾನೂ ಹುಟ್ಟುದ್ಲು. ಮೊಳೆ ಹೊಡ್ಸಿದ್ದು ಒಳ್ಳೇದಾಯ್ತು ಅಂದ್ರು ನಮ್ಮತ್ತೆ. ಸಾಯೋವರ್ಗೂ ಅಂದ್ರು. ನೀನ್ ಕೇಳಿದ್ರೂ ನಾನ್ ಹೇಳ್ತಿದ್ನೋ ಇಲ್ವೋ ಕಣಪ್ಪ."

ಅರವತ್ತು ದಾಟಿದ ಗಂಡಸು, ಅಂಗಡಿಯಲ್ಲಿ ನಿಂತು ಕಣ್ಣು ಒರೆಸಿಕೊಂಡೆ. ಬರೆಯಲು ನಾಚಿಕೆಯೇನಿಲ್ಲ.

ಪಿಳ್ಳಮ್ಮ ಎದ್ದು ಬಂದು ಹೊಸ್ತಿಲಿನ ಮುಂದೆ ಕೂತರು. ಕಣ್ಣು ಮುಚ್ಚಿಕೊಂಡು, ಅರಿಶಿನ ಹಚ್ಚುವ ಹಾಗೆ ಆ ತುದಿಯಿಂದ ಈ ತುದಿಗೆ ಅಂಗೈ ಎಳೆದರು. ಮತ್ತೆ ವಾಪಸ್ಸು ಎಳೆದರು. ನಾನು ಅಷ್ಟು ವರ್ಷ ರಿಪೇರಿಯನ್ನು ಕಣ್ಣಿಗೆ ತೋರಿಸುತ್ತ ಬಂದಿದ್ದೆ. ದಿನಾ ಕೈಯಿಂದ ಮುಟ್ಟುವ ವಸ್ತುವಿಗೆ ಕೈಯದೇ ಪರೀಕ್ಷೆ ಎಂದು ಅವತ್ತು ತಿಳಿಯಿತು. ಅವರ ಬೆರಳು ಎಲ್ಲಾದರೂ ತಡೆಯುತ್ತದೋ ಎಂದು ನೋಡುತ್ತ ನಿಂತೆ. ಎಲ್ಲೂ ತಡೆಯಲಿಲ್ಲ.

"ಕೈಗ್ ಸಿಕ್ಕಲ್ಲ" ಎಂದರು. ಸೆರಗಿನಿಂದ ಸೀಮೆಸುಣ್ಣದ ಸುತ್ತನ್ನು ಒರೆಸಿದರು. "ಕೊನೆಗೂ ತೆಗ್ದ್ಯಲ್ಲಪ್ಪ ಇದನ್ನ." ಮೊಳೆಯನ್ನು ನನ್ನ ಕೈಗೆ ಹಾಕಿದರು. "ನಂಗಿದು ಬ್ಯಾಡ. ನೀನೇ ಮಡಿಕ್ಕೊ. ಹಿತ್ಲು ಮರ ತಂದೋರ್ನ ಕೇಳೋದ್ ಮರೀಬ್ಯಾಡ."

ಶುಕ್ರವಾರ ಬೆಳಿಗ್ಗೆ ಹೊಸ್ತಿಲು ಕೂತಿತು. ಅದರ ಒಂದು ತುದಿ ಹಿಡಿದು ಇಳಿಸಿದವನು ಅದೇ ಕಂಟ್ರಾಕ್ಟರು. "ಎಲ್ಲಿ ಗುರು ಅದು?" ಎಂದು ಕಿವಿಯಲ್ಲಿ ಕೇಳಿದ. ಹುಡುಕು ಎಂದೆ.

ಮೊಳೆ ಈಗ ಅಂಗಡಿಯ ಗೂಡಿನಲ್ಲಿ ಸೀಮೆಸುಣ್ಣದ ಪಕ್ಕದಲ್ಲಿದೆ. ಹೊಸಬರು ಯಾರೇ ಬಂದರೂ ನಯಾಜ್ ಮೊದಲು ಅದನ್ನು ಅವರ ಕೈಗೆ ಕೊಟ್ಟು ಕಥೆ ಹೇಳುತ್ತಾನೆ. ಈಗ ಅಲ್ಲಿ ಕಲಿಯುತ್ತಿರುವ ಇಬ್ಬರಲ್ಲಿ ಒಬ್ಬಳು ಹುಡುಗಿ. ಮರದೊಳಗಿನ ಕಬ್ಬಿಣ ಹುಡುಕುವ, ಟಾರ್ಚಿನಷ್ಟು ಸಣ್ಣ ಯಂತ್ರವೊಂದನ್ನು ತಂದಿಟ್ಟಿದ್ದಾಳೆ. ಅದು ಕೂಗಿದರೂ ಕೂಗದಿದ್ದರೂ ಮನೆಯವರನ್ನು ಒಂದು ಮಾತು ಕೇಳಿಯೇ ಕೇಳುತ್ತಾಳೆ ಎಂದು ನಯಾಜ್ ಹೇಳಿದ. ಅಂಗಡಿ ಒಳ್ಳೆಯ ಕೈಗೆ ಹೋಗಿದೆ ಎಂದು ನನಗೆ ಧೈರ್ಯ ಬಂತು.

ಹೋದ ತಿಂಗಳು ಜಡಿಗೇನಹಳ್ಳಿಯ ಕಡೆ ಹೋಗಿದ್ದೆ. ಪಿಳ್ಳಮ್ಮ ಬಾಗಿಲಲ್ಲೇ ಇದ್ದರು, ಚೊಂಬಿನಿಂದ ಹೊಸ್ತಿಲಿಗೆ ನೀರು ಹಾಕುತ್ತಿದ್ದರು. ಹಲಸು ಬಣ್ಣ ತಿರುಗಿ ಬೆಲ್ಲದ ಹಾಗಾಗಿತ್ತು. ನಾನು ಕನ್ನಡಕ ಹಾಕಿಕೊಂಡು, ಮಂಡಿಯೂರಿ, ನನ್ನದೇ ತೇಪೆಯನ್ನು ಹುಡುಕಿದೆ. ಸಿಗಲಿಲ್ಲ.

"ಅಕ್ಕ, ಎಲ್ಲಿತ್ತು ಅದು?"

"ಯಾವ್ದು?" ಎಂದರು. ಆಮೇಲೆ ನೆನಪಾಗಿ ನಕ್ಕರು. "ಓ, ಅದಾ! ಮರ್ತೇ ಹೋಗಿತ್ತು ಕಣಪ್ಪ ನಂಗೆ. ಎದ್ದು ಒಳೀಕ್ ಬಾ. ಹೊಸ್ಲು ತುಳೀಬ್ಯಾಡ, ದಾಟ್ಕೊಂಡ್ ಬಾ."